ರಕ್ತ ಉಳಿಸುವ ಮದ್ದಿಗೆ ಲಿಖಿತ ನಿಯಮ ಬೇಕು

ದಾಬಸ್‌ಪೇಟೆ ಈಗ ಶಿವಗಂಗೆಯ ಯಾತ್ರಿಕರು ಬಸ್ಸಿಳಿಯುವ ಊರಷ್ಟೇ ಅಲ್ಲ. ಹೆದ್ದಾರಿಯ ಇಕ್ಕೆಲದಲ್ಲಿ ಕಾರ್ಖಾನೆಗಳು ಎದ್ದಿವೆ, ಜನವಸತಿ ಬೆಳೆದಿದೆ. ಆದರೂ ಇಲ್ಲಿಯವರಿಗೆ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆ ಆಗಬೇಕೆಂದಾಗ, ಅದು ಸಿಸೇರಿಯನ್ ಇರಲಿ, ಗರ್ಭಕೋಶ ತೆಗೆಯುವುದಿರಲಿ, ಕರುಳಿನ ಗಡ್ಡೆಯಿರಲಿ, ಮನೆಯವರನ್ನು ಕಾಡುವ ಮೊದಲ ಚಿಂತೆ ರಕ್ತ ಹೊಂದಿಸುವುದು. ಅದಕ್ಕಾಗಿ ತುಮಕೂರಿಗೋ ಬೆಂಗಳೂರಿಗೋ ಓಡಬೇಕು.

ರಕ್ತ ಕಾರ್ಖಾನೆಯಲ್ಲಿ ತಯಾರಾಗುವ ಸರಕಲ್ಲ. ಬೇರ್ಪಡಿಸಿದ ಕೆಂಪುಕಣಗಳನ್ನು ಶೈತ್ಯಾಗಾರದಲ್ಲಿಟ್ಟರೂ 42 ದಿನಗಳಿಗಿಂತ ಹೆಚ್ಚು ಕಾಲ ಬಳಸಲಾಗದು. ಪೂರೈಕೆಯನ್ನು ಸುಲಭವಾಗಿ ಹೆಚ್ಚಿಸಲಾಗದ ವಸ್ತುವಿನ ಬೇಡಿಕೆಯನ್ನು ತಗ್ಗಿಸುವುದೇ ವಿವೇಕ ಎಂಬುದು ನಾನು ಓದಿದ ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು.

ಅಂಥದೊಂದು ಸಾಧನ ನಮ್ಮ ಬಳಿ ಇದೆ. ಜಪಾನಿನ ಉಟಾಕೊ ಮತ್ತು ಶೊಸುಕೆ ಒಕಾಮೊಟೊ ದಂಪತಿ 1962ರಲ್ಲಿ ಲೋಕಕ್ಕೆ ತಿಳಿಸಿದ ಟ್ರಾನೆಕ್ಸಾಮಿಕ್ ಆಮ್ಲವೇ ಅದು. ಗಾಯದಲ್ಲಿ ಕಟ್ಟಿದ ಹೆಪ್ಪನ್ನು ದೇಹವೇ ಕ್ರಮೇಣ ಕರಗಿಸುತ್ತದೆ. ಆ ಕರಗುವಿಕೆಯನ್ನು ಈ ಔಷಧ ತಡೆಯುತ್ತದೆ. ನಮ್ಮ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ. ಬೆಲೆಯೂ ಒಂದು ಯೂನಿಟ್ ರಕ್ತದ ಸಂಸ್ಕರಣಾ ವೆಚ್ಚದ ಸಣ್ಣ ಭಾಗ ಮಾತ್ರ.

ಪ್ರಯೋಜನಕ್ಕೆ ಪುರಾವೆಯೂ ಇದೆ. ಹೃದಯದ್ದಲ್ಲದ ಶಸ್ತ್ರಚಿಕಿತ್ಸೆಗೆ ಒಳಗಾದ, ಹೊಟ್ಟೆಯ ರೋಗಿಗಳೂ ಸೇರಿದ್ದ 9,535 ಮಂದಿಯ ಮೇಲೆ 22 ದೇಶಗಳಲ್ಲಿ ನಡೆದ 'ಪಾಯ್ಸ್-3' ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಗಂಭೀರ ರಕ್ತಸ್ರಾವ ಔಷಧ ಪಡೆಯದವರಲ್ಲಿ ಶೇ 11.7 ಇದ್ದರೆ, ಪಡೆದವರಲ್ಲಿ ಶೇ 9.1ಕ್ಕೆ ಇಳಿದಿತ್ತು. ಸಾವಿರ ರೋಗಿಗಳಲ್ಲಿ ಇಪ್ಪತ್ತಾರು ಮಂದಿ ಪಾರಾದಂತೆ.

ಹಾಗೆಂದು ಎಲ್ಲರಿಗೂ ಚುಚ್ಚಿಬಿಡಿ ಎನ್ನುವುದು ಸರಿಯಲ್ಲ. ರಕ್ತನಾಳದಲ್ಲಿ ಬೇಡದ ಹೆಪ್ಪು ಹೆಚ್ಚಬಹುದೆಂಬ ಆತಂಕವನ್ನು ಅದೇ ಅಧ್ಯಯನ ಪೂರ್ತಿಯಾಗಿ ಅಳಿಸಿಲ್ಲ. ಯಕೃತ್ತಿನ ಶಸ್ತ್ರಚಿಕಿತ್ಸೆ ಕುರಿತು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲಾಭ ಕಾಣಲಿಲ್ಲ, ತೊಡಕುಗಳು ಮಾತ್ರ ಹೆಚ್ಚಿದವು. ಹೆರಿಗೆಯ ನಂತರ ಅತಿಯಾಗಿ ರಕ್ತ ಹೋಗತೊಡಗಿದರೆ ಮೂರು ಗಂಟೆಯೊಳಗೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಶಿಫಾರಸು ಮಾಡಿತು. ಆದರೆ ಸಿಸೇರಿಯನ್ ಆಗುವ ಪ್ರತಿಯೊಬ್ಬರಿಗೂ ಮುಂಜಾಗ್ರತೆಯಾಗಿ ಕೊಡುವುದರಿಂದ ಅಷ್ಟೇ ಸ್ಪಷ್ಟ ಲಾಭ ಸಿದ್ಧವಾಗಿಲ್ಲ. ಯಾರಿಗೆ, ಯಾವಾಗ ಎಂಬುದೇ ಇಲ್ಲಿ ಮುಖ್ಯ. ಆದ್ದರಿಂದಲೇ ಇದು ಆಯಾ ವೈದ್ಯರ ರೂಢಿಗೆ ಬಿಡುವ ವಿಷಯವಲ್ಲ, ಲಿಖಿತ ನಿಯಮ ಬೇಡುವ ವಿಷಯ.

ಇಂಥ ಕೆಲಸ ಕರ್ನಾಟಕಕ್ಕೆ ಹೊಸತೇನಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ಹಳ್ಳಿಗಾಡಿನ 1,620 ಗರ್ಭಿಣಿಯರಲ್ಲಿ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಹೆರಿಗೆಯಾದೊಡನೆ ಕಿರಿಯ ಆರೋಗ್ಯ ಸಹಾಯಕಿಯರು ಕೊಟ್ಟ ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆಯಿಂದ ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ಯಾರು, ಯಾವಾಗ, ಎಷ್ಟು ಕೊಡಬೇಕೆಂಬುದು ಮೊದಲೇ ನಿಗದಿಯಾಗಿತ್ತು ಎಂಬುದನ್ನು ಗಮನಿಸಬೇಕು.

ಆರೋಗ್ಯ ಇಲಾಖೆ ಮಾಡಬೇಕಾದ ಕೆಲಸಗಳು ನಾಲ್ಕು. ಒಂದು, ಯಾವ ಶಸ್ತ್ರಚಿಕಿತ್ಸೆಯಲ್ಲಿ ಈ ಔಷಧ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದನ್ನು ತಜ್ಞರಿಂದ ಬರೆಯಿಸಿ ಕನ್ನಡದಲ್ಲೂ ಪ್ರತಿ ತಾಲ್ಲೂಕು ಆಸ್ಪತ್ರೆಗೆ ಕಳಿಸಬೇಕು. ಎರಡು, ಇದನ್ನು ಬೆನ್ನಿಗೆ ಕೊಡುವ ಅರಿವಳಿಕೆ ಮದ್ದಿನ ಜೊತೆ ಇಡಲೇಬಾರದು. ಒಂದೇ ಬಗೆಯ ಆಂಪೂಲ್‌ಗಳಿಂದಾಗಿ ತಪ್ಪಿ ಬೆನ್ನಿಗೆ ಚುಚ್ಚಿ ಪ್ರಾಣಾಪಾಯವಾಗಿರುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಎಚ್ಚರಿಸಿದೆ. ಮೂರು, ಮುಂಚಿತವಾಗಿ ಗೊತ್ತಾದ ಶಸ್ತ್ರಚಿಕಿತ್ಸೆಗೆ ಮೊದಲು ರಕ್ತಹೀನತೆಯನ್ನು ಗುರುತಿಸಿ ಸರಿಪಡಿಸಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಇಂಥವರಿಗೆ ಅರ್ಧ ಲೀಟರ್ ರಕ್ತ ಹೋದರೂ ಅದು ದೊಡ್ಡ ನಷ್ಟವೇ. ನಾಲ್ಕು, ಪ್ರತಿ ಶಸ್ತ್ರಚಿಕಿತ್ಸೆಯಲ್ಲಿ ಔಷಧ ಕೊಟ್ಟ ಹೊತ್ತು, ಕೊಟ್ಟ ರಕ್ತ, ಆದ ತೊಡಕು ಇವಿಷ್ಟನ್ನು ದಾಖಲಿಸಿ ವರ್ಷಕ್ಕೊಮ್ಮೆ ಪರಿಶೀಲಿಸಬೇಕು.

ಇವೆಲ್ಲಕ್ಕೂ ತಳಹದಿ ಔಷಧದ ಗುಣಮಟ್ಟ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಮೃತಪಟ್ಟಾಗ, ಸರ್ಕಾರಕ್ಕೆ ಪೂರೈಕೆಯಾದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟವೇ ಪ್ರಶ್ನೆಗೆ ಒಳಗಾಯಿತು. ಅತಿ ಕಡಿಮೆ ದರ ನಮೂದಿಸಿದವರಿಗೆ ಟೆಂಡರ್ ಒಪ್ಪಿಸಿ ಕಡತ ಮುಗಿಸುವುದು ಎಷ್ಟು ಸುಲಭವೆಂದು ಸೇವೆಯಲ್ಲಿದ್ದ ನನಗೆ ಗೊತ್ತು. ಉಗ್ರಾಣಕ್ಕೆ ಬಂದ ಪ್ರತಿ ಬ್ಯಾಚಿನ ಪರೀಕ್ಷಾ ವರದಿ ಕೈಸೇರುವ ಮೊದಲು ಮದ್ದು ಆಸ್ಪತ್ರೆಗೆ ಹೋಗಕೂಡದು.

ಈ ಔಷಧ ರಕ್ತನಿಧಿಗೆ ಬದಲಿಯಲ್ಲ. ನೆಲಮಂಗಲದಂಥ ತಾಲ್ಲೂಕುಗಳಲ್ಲಿ ರಕ್ತ ಸಂಗ್ರಹ ಸೌಲಭ್ಯ ಬಲಗೊಳ್ಳಲೇಬೇಕು. ಅದಕ್ಕೆ ಕಟ್ಟಡ, ಸಿಬ್ಬಂದಿ, ಪರವಾನಗಿ ಎಲ್ಲವೂ ಬೇಕು, ಕಾಲ ಹಿಡಿಯುತ್ತದೆ. ನಿಯಮವೊಂದನ್ನು ಬರೆದು ಜಾರಿಗೆ ತರಲು ಒಂದು ಸುತ್ತೋಲೆ, ಒಂದಿಷ್ಟು ತರಬೇತಿ ಸಾಕು. ಇಲಾಖೆ ಅದನ್ನು ಮುಂದೂಡಲು ಕಾರಣವಿಲ್ಲ.