ಲಿಪಿ ಅಂದ್ರೆ ಬರೀ ಅಂಗಿ ಅಂತೀರಾ?

ಹೋದ ರವಿವಾರ ನಮ್ಮ ಕನ್ನಡ ಸಂಘದ ಸಭೆಗೆ ಹೋಗಿದ್ದೆ. ವಿಜಯಪುರ ಬಿಟ್ಟು ಪುಣೆಗೆ ಬಂದು ಮೂವತ್ತು ವರ್ಷ ದಾಟಿತು, ಈ ಸಭೆಗಳ ಕ್ರಮ ನನಗೆ ಬಾಯಿಪಾಠ. ಮೊದಲು ಜಮಾ-ಖರ್ಚು (ಬ್ಯಾಂಕಿನವನು ಅಂತ ಅದು ಯಾವಾಗಲೂ ನನ್ನ ತಲೆಗೆ), ಆಮೇಲೆ ರಾಜ್ಯೋತ್ಸವದ ಊಟಕ್ಕೆ ಹೋಳಿಗೆಯೋ ಜಿಲೇಬಿಯೋ ಎಂಬ ಜಗಳ, ಕೊನೆಗೆ ಚಹಾ. ಈ ಸಲ ಚಹಾಕ್ಕೆ ಮೊದಲು ಹಿರಿಯರೊಬ್ಬರು ಎದ್ದು ನಿಂತರು.

"ನಮ್ಮ ಮಕ್ಕಳಿಗೆ ಸಾಲ್ಯಾಗ ಮರಾಠಿ, ಹಿಂದಿ ಕಲಿಸ್ತಾರ. ದೇವನಾಗರಿ ಛಲೋ ಬರ್ತದ. ಮತ್ತ್ಯಾಕ ಇನ್ನೊಂದು ಲಿಪಿ ಹೊರಸೂದು? ಕನ್ನಡ ಪಾಠಾನ ದೇವನಾಗರಿಯೊಳಗ ಅಚ್ಚು ಹಾಕಸೋಣು. ಭಾಷಾ ಅಂದ್ರ ಮೈ, ಲಿಪಿ ಅಂದ್ರ ಅಂಗಿ. ಅಂಗಿ ಬದಲಿಸಿದ್ರ ಮನುಷ್ಯಾ ಬದಲಾಗ್ತಾನೇನು?"

ಚಪ್ಪಾಳೆ ಬಿತ್ತು. ನಾನು ಸುಮ್ಮನೆ ಕೂತಿದ್ದೆ. ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಅಲ್ಲಿ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಬಿ.ಕಾಂ. ಭಾಷಾಶಾಸ್ತ್ರಜ್ಞನಲ್ಲ. ಆದರೆ ಲೆಕ್ಕ ತಾಳೆಯಾಗದಿದ್ದರೆ ಗೊತ್ತಾಗುತ್ತದೆ. ಈ ಅಂಗಿಯ ಲೆಕ್ಕ ತಾಳೆಯಾಗುವುದಿಲ್ಲ ಸ್ವಾಮಿ.

ಮೊದಲು ಅವರ ಮಾತಿನಲ್ಲಿ ನಿಜವಿರುವಷ್ಟನ್ನು ಒಪ್ಪಿಕೊಳ್ಳುತ್ತೇನೆ. ಭಾಷೆ ಬೇರೆ, ಲಿಪಿ ಬೇರೆ. ಕೊಂಕಣಿಯನ್ನು ದೇವನಾಗರಿ, ಕನ್ನಡ, ರೋಮನ್, ಮಲಯಾಳಂ, ಅರಬ್ಬಿ ಎಂದು ಐದು ಲಿಪಿಗಳಲ್ಲಿ ಬರೆದಿದ್ದಾರೆ. ಓದು ಬರಹ ಬಾರದ ನಮ್ಮಜ್ಜಿಯ ಕನ್ನಡ ನನ್ನ ಕನ್ನಡಕ್ಕಿಂತ ಚೆಂದವಿತ್ತು. ಹಾಗಾಗಿ ನಮ್ಮ ಅಕ್ಷರ ದೇವರು ಬರೆದುಕೊಟ್ಟದ್ದು ಅಂತ ನಾನು ಕುಣಿಯುವುದಿಲ್ಲ. ನನ್ನ ಪ್ರಶ್ನೆ ಒಂದೇ. ಈ ಅಂಗಿ ಯಾರ ಅಳತೆಗೆ ಹೊಲಿದದ್ದು?

ಊರಿನಿಂದ ನನ್ನ ತಮ್ಮ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕಳಿಸುತ್ತಾನೆ. ಒಮ್ಮೆ ಬರೆದಿದ್ದ, ಈ ಸಲ ತೊಗರಿ 'ಬಿ-ಇ-ಎಲ್-ಇ' ಛಲೋ ಅದ ಅಂತ. ಏನು ಛಲೋ ಇದೆ? ತೊಗರಿ ಬೆಳೆಯೋ, ತೊಗರಿ ಬೆಲೆಯೋ, ತೊಗರಿ ಬೇಳೆಯೋ? ಮೂರೂ ಸರಿಹೋಗುತ್ತವೆ! ಬೆಳೆ ಛಲೋ ಬಂದ ವರ್ಷವೇ ಬೆಲೆ ಬೀಳುವುದು ಎಂದು ರೈತನಿಗೂ ಗೊತ್ತು, ಅವನಿಗೆ ಸಾಲ ಕೊಟ್ಟ ಬ್ಯಾಂಕಿನವನಿಗೂ ಗೊತ್ತು. ಫೋನು ಮಾಡಿ ಕೇಳಬೇಕಾಯಿತು.

ದೇವನಾಗರಿಯಲ್ಲಿ ಇಷ್ಟು ಅನಾಹುತವಿಲ್ಲ. ಮರಾಠಿಯಲ್ಲಿ 'ಳ' ಇದೆ, ಬೆಲೆ ಬಚಾವಾಯಿತು. ಆದರೆ ಬೆಳೆ ಮತ್ತು ಬೇಳೆ? ಮರಾಠಿ, ಹಿಂದಿ ಬರಹದಲ್ಲಿ 'ಎ'ಗೂ 'ಏ'ಗೂ ಒಂದೇ ಗುರುತು, 'ಒ'ಗೂ 'ಓ'ಗೂ ಒಂದೇ. ಅದು ಅವರ ತಪ್ಪಲ್ಲ. ಆ ಭಾಷೆಗಳಲ್ಲಿ ಇವನ್ನು ಗಿಡ್ಡ ಮಾಡಿದರೂ ಉದ್ದ ಮಾಡಿದರೂ ಅರ್ಥ ಬದಲಾಗುವುದಿಲ್ಲ, ಎರಡು ಗುರುತು ಬೇಕಾಗಲಿಲ್ಲ. ನಮ್ಮಲ್ಲಿ ಬದಲಾಗುತ್ತದೆ. ಕೊಡು-ಕೋಡು, ಕೆಡು-ಕೇಡು, ತೊಡು-ತೋಡು, ಬೆರೆ-ಬೇರೆ, ಒಲೆ-ಓಲೆ. ಬಟ್ಟೆ ತೊಡುವುದೂ ಬಾವಿ ತೋಡುವುದೂ ಒಂದೇ ಏನ್ರೀ? ಕನ್ನಡ, ತಮಿಳು, ತೆಲುಗು, ಮಲಯಾಳಂ ನಾಲ್ಕರಲ್ಲೂ ಈ ಭೇದ ಇದೆ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ದೊಡ್ಡದು. ಮರಾಠಿಯವರು 'ಘರ' ಎಂದು ಬರೆದು 'ಘರ್' ಎಂದು ಓದುತ್ತಾರೆ, 'ರಾಮ' ಎಂದು ಬರೆದು 'ರಾಮ್' ಎಂದು ಓದುತ್ತಾರೆ. ಕೊನೆಯ 'ಅ' ನುಂಗುವುದು ಆ ಓದಿನ ಪದ್ಧತಿ. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿತದ್ದೂ ಅದನ್ನೇ. ಅವರ ಕೈಗೆ ದೇವನಾಗರಿಯಲ್ಲಿ 'ರಾಮನ ಮಗ' ಎಂದು ಬರೆದುಕೊಡಿ. 'ರಾಮನ್ ಮಗ್' ಎಂದು ಓದುತ್ತಾರೆ. ಮಗ ಹೋಗಿ ನೀರಿನ ಮಗ್ ಆದ! ಇದು ನಗುವ ವಿಷಯವಲ್ಲ. ರಾಮನಿಗೂ ಮಗನಿಗೂ ಇರುವ ಸಂಬಂಧವನ್ನು ಹೇಳುತ್ತಿದ್ದದ್ದೇ ಆ 'ನ'ದೊಳಗಿನ 'ಅ'. ಷಷ್ಠೀ ವಿಭಕ್ತಿಯನ್ನೇ ನುಂಗಿ ನೀರು ಕುಡಿದಂತಾಯಿತು.

ಕನ್ನಡದ ಪದ ಕಟ್ಟುವ ರೀತಿ ನೋಡಿ. ಮರ-ಮರದಲ್ಲಿ, ಮನೆ-ಮನೆಯಲ್ಲಿ, ಗುರು-ಗುರುವಿನಲ್ಲಿ. ಒಂದೇ 'ಅಲ್ಲಿ', ನಡುವೆ ಮೂರು ಬೇರೆ ಬೇರೆ ಬೆಸುಗೆ. ಇಲ್ಲಿ 'ದ' ಬರಬೇಕೋ 'ಯ' ಬರಬೇಕೋ ಎಂದು ತಿಳಿಯಲು ಪದದ ಕೊನೆಯ ಸ್ವರ ಕಿವಿಗೆ ಬೀಳಬೇಕು. ಕೊನೆಯ ಸ್ವರವನ್ನು ನುಂಗಲು ಕಲಿತ ಮಗು ಬೆಸುಗೆ ಎಲ್ಲಿ ಹಾಕಬೇಕು? ಇದು ಅಂಗಿಯ ಮಾತಾಗಿ ಉಳಿಯಲಿಲ್ಲ, ಮೈಗೇ ಬಂತು.

ಕೆಲವರು ಹೇಳಬಹುದು, ಯೂನಿಕೋಡಿನ ದೇವನಾಗರಿಯಲ್ಲಿ ಗಿಡ್ಡ 'ಎ', ಗಿಡ್ಡ 'ಒ' ಇವೆಯಲ್ಲ ಎಂದು. ಇವೆ. ದಕ್ಷಿಣದ ಭಾಷೆಗಳನ್ನು ಬರೆದು ತೋರಿಸಲೂ ಅವನ್ನು ಬಳಸುತ್ತಾರೆ. ಆದರೆ ನಮ್ಮ ಮಕ್ಕಳ ಮರಾಠಿ ಪುಸ್ತಕದಲ್ಲಿ ಅವಿಲ್ಲ. ಹೊಸ ಗುರುತು ಕಲಿಸಲೇಬೇಕು ಎಂದಾದರೆ ನಮ್ಮದನ್ನೇ ಕಲಿಸಬಾರದೇಕೆ?

ತುರ್ಕಿಯವರು ಲಿಪಿ ಬದಲಿಸಲಿಲ್ಲವೇ ಎಂದೂ ಕೇಳುತ್ತಾರೆ. ಬದಲಿಸಿದರು, 1928ರಲ್ಲಿ. ತುರ್ಕಿ ಭಾಷೆಗೆ ಎಂಟು ಸ್ವರ. ಹಳೆಯ ಅರಬ್ಬಿ ಲಿಪಿಯಲ್ಲಿ ಅವನ್ನೆಲ್ಲ ಬೇರೆ ಬೇರೆ ತೋರಿಸುವುದು ಕಷ್ಟವಿತ್ತು. ರೋಮನ್ ಅಕ್ಷರ ತಂದು, ಅದರಲ್ಲೂ ಇಲ್ಲದ ಅಕ್ಷರಗಳನ್ನು ಸೇರಿಸಿಕೊಂಡು, ತಮ್ಮ ಅಳತೆಗೆ ಹೊಲಿಸಿಕೊಂಡರು. ಬಿಗಿಯಾದ ಅಂಗಿ ಬಿಟ್ಟು ಸರಿಯಾದದ್ದು ಹಾಕಿಕೊಂಡರು. ನಾವು ಹೊರಟಿರುವುದು ಸರಿಯಾದದ್ದನ್ನು ಬಿಚ್ಚಿ ಬಿಗಿಯಾದದ್ದನ್ನು ಹಾಕಿಕೊಳ್ಳಲು!

ಬದಲಾವಣೆಗೆ ಕೊಡಬೇಕಾದ ಬೆಲೆ ಏನೆಂದು ಈ ಪುಣೆಯಲ್ಲೇ ನೋಡಿದ್ದೇನೆ. ಮರಾಠಿಯನ್ನು ಇಪ್ಪತ್ತನೇ ಶತಮಾನದ ನಡುವಿನವರೆಗೂ ಕಾಗದಪತ್ರಗಳಲ್ಲಿ ಮೋಡಿ ಲಿಪಿಯಲ್ಲಿ ಬರೆಯುತ್ತಿದ್ದರು. ಒಮ್ಮೆ ಗಿರಾಕಿಯೊಬ್ಬರು ಸಾಲಕ್ಕೆಂದು ಹಳೆಯ ವಾಡೆಯ ಕಾಗದ ತಂದಿದ್ದರು. ಅಪ್ಪಟ ಪುಣೇರಿ ಮರಾಠಿಯವರು, ಆದರೆ ಸ್ವಂತ ಮುತ್ತಜ್ಜ ಬರೆಸಿದ ಮರಾಠಿಯ ಒಂದು ಅಕ್ಷರ ಓದಲು ಬರದು. ದುಡ್ಡು ಕೊಟ್ಟು ಮೋಡಿ ಬಲ್ಲವರನ್ನು ಹುಡುಕಿ ಓದಿಸಬೇಕಾಯಿತು. ಮರಾಠಿ ಸಾಯಲಿಲ್ಲ, ನಿಜ. ಮುತ್ತಜ್ಜ ಮಾತ್ರ ಮೂಕನಾದ.

ಈಗ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನನ್ನ ಮಗಳು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಮಾತಾಡುತ್ತಾಳೆ, ಓದಲು ಬರುತ್ತಿರಲಿಲ್ಲ. ಬ್ರಾಂಚಿನಿಂದ ರಾತ್ರಿ ಎಂಟಕ್ಕೆ ಮನೆಗೆ ಬರುವ ನಾನು ಕಲಿಸಲಿಲ್ಲ. ನಮ್ಮವ್ವ ತೀರಿಕೊಂಡ ವರ್ಷ, ಟ್ರಂಕಿನಲ್ಲಿದ್ದ ಅವಳ ಇನ್‌ಲ್ಯಾಂಡ್ ಪತ್ರವೊಂದನ್ನು ಹಿಡಿದುಕೊಂಡು ಬಂದು ಕೇಳಿದಳು. "ಅಪ್ಪಾ, ಇದರಾಗ ನನ್ನ ಹೆಸರು ಎಲ್ಲೈತಿ?"

ಬೆರಳಿಟ್ಟು ತೋರಿಸಿದೆ. ಇಷ್ಟು ವರ್ಷ ಎಷ್ಟೋ ಜನರ ಸಾಲದ ಬಾಕಿ ಲೆಕ್ಕ ಹಾಕಿದ್ದೇನೆ, ನನ್ನ ಬಾಕಿ ಅವತ್ತು ಕಂಡಿತು.

ಮುಂದಿನ ರವಿವಾರದಿಂದಲೇ ಕಲಿಸಲು ಕೂತೆ. ಕ ಖ ಗ ಘ ಕ್ರಮ ಅವಳಿಗೆ ಮರಾಠಿಯಿಂದ ಬರುತ್ತಿತ್ತು. ಕಾಗುಣಿತದ ಯುಕ್ತಿಯೂ ಗೊತ್ತು. ನಲವತ್ತೊಂಬತ್ತು ಅಕ್ಷರಗಳಲ್ಲಿ ಅವಳಿಗೆ ಹೊಸದು ಬಹುಮಟ್ಟಿಗೆ ಆಕಾರವಷ್ಟೇ. ಗಣೇಶ ಚೌತಿಗೆ ಶುರು ಮಾಡಿದ್ದು, ದೀಪಾವಳಿಗೆ ಅಜ್ಜಿಯ ಪತ್ರ ತಾನೇ ಓದಿದಳು. ತಡವರಿಸಿದಳು, ಆದರೆ ಓದಿದಳು.

ಇಷ್ಟೇ ಸ್ವಾಮಿ ಈ 'ಹೊರೆ'. ದೇವನಾಗರಿ ಬಲ್ಲ ಮಗುವಿಗೆ ಕನ್ನಡ ಲಿಪಿ ಹೊಸ ಶಾಸ್ತ್ರವಲ್ಲ. ಕಲಿಸಲು ನಮಗೆ ಬೇಸರ, ಆ ಬೇಸರಕ್ಕೆ ಅಂಗಿಯ ತತ್ವ ಹೊದಿಸುತ್ತಿದ್ದೇವೆ.

ಸಂಘದವರಿಗೆ ನನ್ನ ಅರ್ಜಿ ಇದು. ರವಿವಾರ ಒಂದು ತಾಸು ಹಾಲ್ ಕೊಡಿ. ಬೋರ್ಡು, ಸೀಮೆಸುಣ್ಣ ನನ್ನ ಖರ್ಚು, ಚಹಾ ಸಂಘದ್ದು. ನಾನೇ ಕಲಿಸುತ್ತೇನೆ. ಒಲೆ ಯಾವುದು, ಓಲೆ ಯಾವುದು ಎಂದು ಗೊತ್ತಿಲ್ಲದ ಮಕ್ಕಳನ್ನು ಬೆಳೆಸಿದರೆ ನಾಳೆ ನಮ್ಮ ಅವ್ವಂದಿರ ಓಲೆ ಹೋಗುವುದು ಒಲೆಗೇ.

ಏನಂತೀರಿ?