ಗಿಡದ ಆರೋಗ್ಯ ಅರ್ಧ ಅದರ ನೆರೆಹೊರೆಯಲ್ಲಿದೆ

ಈ ವರ್ಷದ ನಾಟಿಗೆಂದು ಸಂಘದ ನರ್ಸರಿಗೆ ಬಂದಿರುವ ಬೇಡಿಕೆ ಪಟ್ಟಿಗಳನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಾಫಿ ಸಸಿ ಕೇಳಿರುವವರಲ್ಲಿ ಬಹುಪಾಲು ಸದಸ್ಯರು ಚಂದ್ರಗಿರಿ ತಳಿಯೊಂದನ್ನೇ ಕೇಳಿದ್ದಾರೆ. ನೆರಳಿಗೆ ಕೇಳಿರುವುದು ಸಿಲ್ವರ್ ಓಕ್ ಒಂದನ್ನೇ. ಕೊಳ್ಳೇಗಾಲ, ಯಳಂದೂರಿನ ನೀರಾವರಿ ಬಯಲಿನಲ್ಲಿ ಅಡಿಕೆ ಹಾಕುತ್ತಿರುವವರು ಸಾಲಿನಿಂದ ಸಾಲಿಗೆ ಅಡಿಕೆಯನ್ನೇ ನಿಲ್ಲಿಸಿ, ಬಾಳೆ, ತೆಂಗು, ಮೆಣಸಿನ ಬಳ್ಳಿಗೆ ಎಡೆಯಿಲ್ಲದಂತೆ ಮಾಡುತ್ತಿದ್ದಾರೆ. ಬೆಟ್ಟದ ಮೇಲೂ ಬಯಲಿನಲ್ಲೂ ನಮ್ಮ ತೋಟಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಆಗುತ್ತಿವೆ.

ಇದಕ್ಕೆ ಸದಸ್ಯರು ಕೊಡುವ ಕಾರಣ ಒಂದೇ: "ರೋಗ ಬಾರದ ತಳಿ ಸಿಕ್ಕಿದ ಮೇಲೆ ಬೇರೆಯದು ಏಕೆ?" ಪ್ರಶ್ನೆ ನ್ಯಾಯವಾದದ್ದೇ. ಆದರೆ ರೋಗನಿರೋಧಕ ಶಕ್ತಿ ಎಂಬುದು ಬೀಜದೊಳಗೆ ಶಾಶ್ವತವಾಗಿ ಕಟ್ಟಿಟ್ಟ ಗಂಟಲ್ಲ. ಅದರ ಅರ್ಧ ಗಿಡದೊಳಗಿದೆ; ಇನ್ನರ್ಧ ಅದರ ನೆರೆಹೊರೆಯಲ್ಲಿದೆ. ನೆರೆಹೊರೆ ಕೆಟ್ಟರೆ ಒಳಗಿನ ಶಕ್ತಿಯೂ ಹೆಚ್ಚು ಕಾಲ ನಿಲ್ಲುವುದಿಲ್ಲ ಎಂಬುದನ್ನು ನಾವು ಇಲ್ಲಿ ಹೇಳಬಯಸುತ್ತೇವೆ.

ಗಿಡ ತನ್ನನ್ನು ಕಾಯುವ ಬಗೆ

ನಮ್ಮ ಮೈಯಲ್ಲಿ ರೋಗಾಣುಗಳ ಮೇಲೆ ಬೀಳಲು ರಕ್ತದಲ್ಲಿ ಸಂಚರಿಸುವ ಕಣಗಳಿವೆ. ಗಿಡಕ್ಕೆ ಅಂತಹ ಸಂಚಾರಿ ಪಡೆ ಇಲ್ಲ. ಅಲ್ಲಿ ಒಂದೊಂದು ಜೀವಕೋಶವೂ ತನ್ನ ಮನೆಯನ್ನು ತಾನೇ ಕಾಯಬೇಕು. ಕೋಶದ ಹೊರಮೈಯಲ್ಲಿ ಕೆಲವು ಕಾವಲು ಪದಾರ್ಥಗಳಿರುತ್ತವೆ. ಶಿಲೀಂಧ್ರದ ಅಥವಾ ಬ್ಯಾಕ್ಟೀರಿಯದ ಸಾಮಾನ್ಯ ಗುರುತುಗಳನ್ನು ಕಂಡೊಡನೆ ಅವು ಎಚ್ಚರಿಕೆ ಕೊಡುತ್ತವೆ. ಜಾಣ ರೋಗಾಣು ಈ ಕಾವಲನ್ನು ಮಂಕುಗೊಳಿಸುವ ಪದಾರ್ಥಗಳನ್ನು ಕೋಶದೊಳಕ್ಕೆ ಬಿಡುತ್ತದೆ. ಆ ವಂಚನೆಯನ್ನು ಗುರುತಿಸಲು ಕೋಶದ ಒಳಗೆ ಎರಡನೆಯ ಕಾವಲು ಇದೆ. ಅದು ಎಚ್ಚೆತ್ತರೆ ರೋಗ ತಗಲಿದ ಕೋಶ ತಾನೇ ಸತ್ತು, ರೋಗಾಣುವನ್ನೂ ಹಸಿವಿನಿಂದ ಕೊಲ್ಲುತ್ತದೆ. 2006ರಲ್ಲಿ ಜೊನಾಥನ್ ಜೋನ್ಸ್ ಮತ್ತು ಜೆಫ್ರಿ ಡ್ಯಾಂಗಲ್ ಎಂಬ ಇಬ್ಬರು ವಿಜ್ಞಾನಿಗಳು ಈ ಎರಡು ಹಂತದ ಕಾವಲನ್ನು ಒಟ್ಟುಗೂಡಿಸಿ ವಿವರಿಸಿದರು.

ಒಳಗಿನ ಈ ಕಾವಲಿಗೆ ಒಂದು ಮಿತಿಯಿದೆ. ಅಮೆರಿಕದ ಹೆರಾಲ್ಡ್ ಫ್ಲೋರ್ 1940ರ ದಶಕದಲ್ಲಿ ಅಗಸೆ ಬೆಳೆಯ ತುಕ್ಕು ರೋಗವನ್ನು ಅಭ್ಯಸಿಸಿ, ಗಿಡದ ಒಂದೊಂದು ನಿರೋಧಕ ವಂಶವಾಹಿಗೆ ರೋಗಾಣುವಿನಲ್ಲಿ ಒಂದೊಂದು ಜೋಡಿ ವಂಶವಾಹಿ ಇರುತ್ತದೆಂದು ತೋರಿಸಿದರು. ಬೀಗಕ್ಕೆ ಬೀಗದಕೈ ಇದ್ದಂತೆ. ರೋಗಾಣುವಿನಲ್ಲಿ ಆ ಒಂದು ಅಂಶ ಬದಲಾದರೆ ಸಾಕು, ಗಿಡದ ಕಾವಲು ಅದನ್ನು ಗುರುತಿಸಲಾರದು. ಸಾವಿರ ಎಕರೆಗೂ ಒಂದೇ ಬೀಗ ಹಾಕಿದ್ದರೆ, ಒಂದು ಕಳ್ಳಕೈ ಸಿದ್ಧವಾದ ದಿನ ಸಾವಿರ ಎಕರೆಯ ಬಾಗಿಲೂ ತೆರೆದಂತೆಯೇ.

ಕಾಫಿಯ ಅನುಭವ

ಇದು ಪುಸ್ತಕದ ಮಾತಲ್ಲ. ನಮ್ಮ ಬೆಳೆಯ ಚರಿತ್ರೆಯೇ ಹೌದು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಕೆಲವೇ ದಶಕಗಳಲ್ಲಿ ಆ ದ್ವೀಪದ ಕಾಫಿಯನ್ನು ಮುಗಿಸಿತು. ತೋಟಗಾರರು ಚಹಾ ಬೆಳೆಗೆ ತಿರುಗಿದರು. ರೋಗ ನಮ್ಮ ಮೈಸೂರು ಸೀಮೆಗೂ ಬಂತು. 1911ರಲ್ಲಿ ದೊಡ್ಡೆನಗುಡ್ಡ ತೋಟದಲ್ಲಿ ಕೆಂಟ್ ಎಂಬ ತೋಟಗಾರರು ಆರಿಸಿದ ಗಿಡದಿಂದ ಕೆಂಟ್ಸ್ ತಳಿ ಹುಟ್ಟಿತು. ಅದು ರೋಗ ತಡೆಯುತ್ತದೆಂದು ಎಲ್ಲರೂ ಅದನ್ನೇ ಹಾಕಿದರು. ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ಹತ್ತಿತು. ಲೆಸ್ಲಿ ಕೋಲ್ಮನ್ ಅವರ ಮುಂದಾಳುತನದಲ್ಲಿ 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ವಿಲ್ಸನ್ ಮೇನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಕಾರಣ ಕಂಡುಹಿಡಿದರು: ತುಕ್ಕು ರೋಗದ ಶಿಲೀಂಧ್ರ ಒಂದೇ ಬಗೆಯದಲ್ಲ, ಅದರಲ್ಲಿ ಬೇರೆ ಬೇರೆ ಪಂಗಡಗಳಿವೆ, ಒಂದು ತಡೆಯಲ್ಪಟ್ಟರೆ ಇನ್ನೊಂದು ಮೇಲೇಳುತ್ತದೆ.

ಅದೇ ಕೇಂದ್ರದಿಂದ 1940ರ ದಶಕದ ನಡುವೆ ಎಸ್. 795 ಬಂತು. ಲೈಬೀರಿಕ ಕಾಫಿಯ ರಕ್ತವಿದ್ದ ಈ ತಳಿ ಅನೇಕ ವರ್ಷ ನಮ್ಮ ನಾಡನ್ನು ಕಾಪಾಡಿತು; ಅದರ ರುಚಿಗೆ ಈಗಲೂ ಬೆಲೆಯಿದೆ. ಆದರೆ ಕಾಲಕ್ರಮದಲ್ಲಿ ಅದಕ್ಕೂ ತುಕ್ಕು ಹತ್ತಿತು. 1985ರಲ್ಲಿ ಕಾವೇರಿ ಬಂತು; ಅದರ ಶಕ್ತಿಯೂ ಕುಂದಿತು. 2007ರಲ್ಲಿ ಚಂದ್ರಗಿರಿ ಬಂತು. ಗಮನಿಸಬೇಕಾದ್ದೆಂದರೆ, ಕಾವೇರಿಗೂ ಚಂದ್ರಗಿರಿಗೂ ರೋಗ ತಡೆಯುವ ಶಕ್ತಿ ಬಂದಿರುವುದು ಒಂದೇ ಮೂಲದಿಂದ: ಟಿಮೋರ್ ದ್ವೀಪದಲ್ಲಿ ಅರೇಬಿಕ ಮತ್ತು ರೊಬಸ್ಟ ತಾವಾಗಿಯೇ ಕೂಡಿ ಹುಟ್ಟಿದ ಮಿಶ್ರ ಗಿಡದಿಂದ. ಚಂದ್ರಗಿರಿ ಒಳ್ಳೆಯ ತಳಿ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಅದೊಂದನ್ನೇ ನಂಬಿ ಕುಳಿತರೆ ಕೆಂಟ್ಸ್ ಕಾಲದ ಪಾಠವನ್ನು ಮರೆತಂತೆ ಎಂಬುದಷ್ಟೇ ನಮ್ಮ ಮಾತು.

ಕಾಡು ಹೇಗೆ ಬದುಕಿದೆ?

ಹಾಗಾದರೆ ನಮ್ಮ ಬಿಳಿಗಿರಿರಂಗನ ಬೆಟ್ಟದ ಕಾಡಿಗೆ ಯಾರು ಬೋರ್ಡೋ ದ್ರಾವಣ ಹೊಡೆಯುತ್ತಾರೆ? ಅಲ್ಲಿಯೂ ಶಿಲೀಂಧ್ರಗಳಿವೆ, ಹುಳುಗಳಿವೆ, ಮುಂಗಾರು ಹಿಂಗಾರು ಎರಡರ ತೇವವೂ ಇದೆ. ಆದರೂ ಮತ್ತಿ, ಹೊನ್ನೆ, ಬೀಟೆ, ನೇರಳೆ, ನೆಲ್ಲಿ ಎಲ್ಲವೂ ಕೂಡಿ ಬಾಳುತ್ತಿವೆ.

1970ರಲ್ಲಿ ಡೇನಿಯಲ್ ಜಾನ್ಸನ್, 1971ರಲ್ಲಿ ಜೋಸೆಫ್ ಕಾನೆಲ್ ಎಂಬ ಅಮೆರಿಕದ ವಿಜ್ಞಾನಿಗಳು ಬೇರೆ ಬೇರೆಯಾಗಿ ಒಂದೇ ಉತ್ತರ ಕೊಟ್ಟರು. ಒಂದು ಮರದ ಬುಡದಲ್ಲಿ ಅದೇ ಜಾತಿಯ ಹುಳು, ರೋಗಗಳು ನೆಲೆಸಿರುತ್ತವೆ. ತಾಯಿಯ ಬುಡದಲ್ಲೇ ಬಿದ್ದ ಬೀಜದ ಮೊಳಕೆಯನ್ನು ಅವು ಬೆಳೆಯಗೊಡುವುದಿಲ್ಲ. ದೂರ ಹೋಗಿ ಬೇರೆ ಜಾತಿಯ ಮರಗಳ ನಡುವೆ ಬಿದ್ದದ್ದು ಉಳಿಯುತ್ತದೆ. ಹೀಗಾಗಿ ಯಾವ ಜಾತಿಯೂ ಒಂದೇ ಕಡೆ ಗುಂಪುಗೂಡದಂತೆ ರೋಗಗಳೇ ನೋಡಿಕೊಳ್ಳುತ್ತವೆ. ಮಧ್ಯ ಅಮೆರಿಕದ ಬೆಲೀಜ್ ದೇಶದ ಕಾಡಿನಲ್ಲಿ ಇದನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಕಾಡಿನ ತುಂಡು ಜಾಗಗಳಿಗೆ ಶಿಲೀಂಧ್ರನಾಶಕ ಹೊಡೆದಾಗ ಅಲ್ಲಿ ಹುಟ್ಟುವ ಸಸಿಗಳ ಜಾತಿ ವೈವಿಧ್ಯ ಕಡಿಮೆಯಾಯಿತು. ನಾವು ಶತ್ರುವೆಂದು ತಿಳಿದ ಶಿಲೀಂಧ್ರವೇ ಕಾಡಿನ ಸಮತೂಕವನ್ನು ಹಿಡಿದಿತ್ತು!

ಈ ವಿಚಾರವೂ ಗಿಡದ ಒಳಗಿನ ಕಾವಲೂ ಕೂಡುವ ಜಾಗವನ್ನು ಜೇಮ್ಸ್ ಮಾರ್ಡನ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು. ಪನಾಮದ ಬಾರೋ ಕೊಲರಾಡೋ ದ್ವೀಪದ ಮರಗಳಲ್ಲಿ, ಸ್ಥಳೀಯವಾಗಿ ಸಂಖ್ಯೆ ಕಡಿಮೆ ಇರುವ ಜಾತಿಗಳಲ್ಲಿ ನಿರೋಧಕ ವಂಶವಾಹಿಗಳ ಬಗೆಗಳೂ ಕಡಿಮೆ ಎಂದು ಅವರು ಕಂಡರು. ಸಂಖ್ಯೆ ಮತ್ತು ಬಗೆ ಎರಡೂ ಇದ್ದರೆ ಒಂದು ಗಿಡ ಬಿದ್ದರೂ ಪಕ್ಕದ್ದು ಬೇರೆ ಬೀಗ ಹಾಕಿಕೊಂಡು ನಿಂತಿರುತ್ತದೆ. ಬಗೆ ಇಲ್ಲದ ಕಡೆ ಒಂದಕ್ಕೆ ಬಂದದ್ದು ಎಲ್ಲಕ್ಕೂ ಬರುತ್ತದೆ. ನಮ್ಮ ತೋಟಗಳಲ್ಲಿ ಗಿಡದ ಸಂಖ್ಯೆ ಸಾವಿರಗಟ್ಟಲೆ ಇದೆ. ಬಗೆ ಮಾತ್ರ ಒಂದೇ. ಸ್ವಭಾವದಲ್ಲಿ ಎಲ್ಲಿಯೂ ಕಾಣದ ಈ ಸ್ಥಿತಿಯನ್ನು ನಾವೇ ದುಡ್ಡು ಕೊಟ್ಟು ನಿರ್ಮಿಸುತ್ತಿದ್ದೇವೆ.

ಹೊಲದಲ್ಲೂ ಇದು ಸಾಧಿತವಾಗಿದೆ. ಚೀನದ ಯುನ್ನಾನ್ ಪ್ರಾಂತದಲ್ಲಿ ಸಾವಿರಾರು ರೈತರು ಬೆಂಕಿ ರೋಗಕ್ಕೆ ಬೇಗ ತುತ್ತಾಗುವ ಅಂಟು ಭತ್ತವನ್ನು ರೋಗ ತಡೆಯುವ ಭತ್ತದ ಸಾಲುಗಳ ನಡುವೆ ಬೆಳೆದರು. 2000ದಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂಟಿಯಾಗಿ ಬೆಳೆದಾಗಿಗಿಂತ ಆ ಅಂಟು ಭತ್ತದಲ್ಲಿ ರೋಗದ ತೀವ್ರತೆ ಶೇಕಡ 94ರಷ್ಟು ಇಳಿಯಿತು, ಇಳುವರಿ ಶೇಕಡ 89 ಏರಿತು. ಕಾಫಿಯಲ್ಲಿ ಕೊಲಂಬಿಯ ದೇಶದವರು 1980ರ ದಶಕದಿಂದಲೇ ಒಂದು ತಳಿಯ ಹೆಸರಿನಲ್ಲಿ ಹಲವು ವಂಶಗಳ ಬೀಜವನ್ನು ಬೆರೆಸಿ ಹಂಚುತ್ತಿದ್ದಾರೆ. ತುಕ್ಕಿಗೆ ಒಂದೇ ಬೀಗ ಸಿಗಬಾರದೆಂಬುದೇ ಅದರ ಉದ್ದೇಶ.

ನಮ್ಮ ಬೆಟ್ಟದಲ್ಲಿ ಕಂಡದ್ದು

ಸಮತೂಕ ತಪ್ಪಿದರೆ ಏನಾಗುತ್ತದೆಂದು ತಿಳಿಯಲು ದೂರ ಹೋಗಬೇಕಿಲ್ಲ. ಅಮೆರಿಕ ಖಂಡದಿಂದ ಬಂದ ಲಂಟಾನ ತನ್ನ ಹುಟ್ಟುನಾಡಿನ ಶತ್ರುಗಳನ್ನು ಅಲ್ಲೇ ಬಿಟ್ಟು ಬಂದಿತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಬಿಳಿಗಿರಿರಂಗನ ಬೆಟ್ಟದಲ್ಲಿ ಗುರುತು ಮಾಡಿದ ಜಾಗಗಳನ್ನು ನೋಡಿದಾಗ, 1997ರಲ್ಲಿ ಶೇಕಡ 41ರಲ್ಲಿದ್ದ ಲಂಟಾನ 2008ರ ವೇಳೆಗೆ ಶೇಕಡ 81ರಲ್ಲಿ ಕಂಡುಬಂತು. ಹನೂರು ಕಡೆಯ ಕಾಡಂಚಿನ ಹೊಲಗಳವರಿಗೆ ಈ ಅಂಕಿ ಹೇಳಬೇಕಾದ ಅಗತ್ಯವೇ ಇಲ್ಲ.

ಇನ್ನೊಂದು ಉಪ್ಪಿಲು. ನೆಲ್ಲಿ ಮರದ ಕೊಂಬೆಗೆ ಬೇರಿಳಿಸಿ ರಸ ಹೀರುವ ಈ ಪರಾವಲಂಬಿ ಗಿಡವನ್ನು ಸೋಲಿಗರು ಆ ಹೆಸರಿನಿಂದ ಕರೆಯುತ್ತಾರೆ. ಹಕ್ಕಿಗಳು ಅದರ ಹಣ್ಣು ತಿಂದು ಬೀಜವನ್ನು ಕೊಂಬೆಯಿಂದ ಕೊಂಬೆಗೆ ಅಂಟಿಸುತ್ತವೆ. ಹಿಂದೆ ಬೇಸಿಗೆಯ ಆರಂಭದಲ್ಲಿ ಹಾಕುತ್ತಿದ್ದ ತರಗು ಬೆಂಕಿ ಉಪ್ಪಿಲನ್ನೂ ಲಂಟಾನವನ್ನೂ ಹದ್ದಿನಲ್ಲಿಟ್ಟಿತ್ತು, 1974ರಲ್ಲಿ ಅಭಯಾರಣ್ಯವಾಗಿ ಬೆಂಕಿ ನಿಂತ ಮೇಲೆ ಎರಡೂ ಮಿತಿಮೀರಿದವು ಎಂದು ಪೋಡಿನ ಹಿರಿಯರು ಹೇಳುತ್ತಾ ಬಂದಿದ್ದಾರೆ. ಸಂಶೋಧಕರೂ ಆ ಮಾತನ್ನು ಬರೆದುಕೊಂಡು ಪರಿಶೀಲಿಸಿದ್ದಾರೆ. ಯಾರೂ ಬೆಂಕಿ ಹಚ್ಚಲಿ ಎಂದು ನಾವು ಹೇಳುತ್ತಿಲ್ಲ. ನೆಲ್ಲಿ ಮರದ ಶಕ್ತಿ ಮೊದಲಿನಂತೆಯೇ ಇದ್ದರೂ ಸುತ್ತಲಿನ ಏರ್ಪಾಡು ಬದಲಾದಾಗ ಆ ಶಕ್ತಿ ಸಾಲದಾಯಿತು ಎಂಬುದನ್ನು ಮಾತ್ರ ಗಮನಕ್ಕೆ ತರುತ್ತಿದ್ದೇವೆ.

ಅಡಿಕೆ ಬೆಳೆಗಾರರೂ ಇದನ್ನು ಪರರ ಕಥೆ ಎಂದು ತಿಳಿಯಬಾರದು. ಕೊಳೆರೋಗದ ಕಾರಣವನ್ನು ಕೋಲ್ಮನ್ ಅವರು 1910ರಷ್ಟು ಹಿಂದೆಯೇ ಬರೆದು, ಮೈಲುತುತ್ತ ಸುಣ್ಣದ ಮದ್ದನ್ನು ರೂಢಿಗೆ ತಂದರು. ಇಂದು ಮಲೆನಾಡಿನ ತೋಟಗಳನ್ನು ಎಲೆಚುಕ್ಕಿ ರೋಗ ಕಾಡುತ್ತಿದೆ. ನಮ್ಮ ಬಯಲಿನ ಒಣಹವೆ ನಮಗೆ ಸ್ವಲ್ಪ ರಕ್ಷಣೆ ಎಂಬುದು ನಿಜ. ಆದರೆ ಊರೂರಿಗೆ ಒಂದೇ ಬೆಳೆಯನ್ನು ಹಬ್ಬಿಸಿ, ಆ ರಕ್ಷಣೆಯನ್ನು ಪರೀಕ್ಷೆಗೆ ಒಡ್ಡುವುದು ವಿವೇಕವಲ್ಲ.

ಆಕ್ಷೇಪಗಳಿಗೆ ಉತ್ತರ

ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೆಟ್ಟಗೆ ನಿಲ್ಲುತ್ತದೆ, ಕಡಿಯುವಾಗ ಅಪ್ಪಣೆಯ ತೊಡಕಿಲ್ಲ ಎಂದು ಸದಸ್ಯರು ಹೇಳುತ್ತಾರೆ. ಎಲ್ಲವೂ ನಿಜ. ಹತ್ತು ಮರದಲ್ಲಿ ನಾಲ್ಕು ಸಿಲ್ವರ್ ಇರಲಿ. ಹತ್ತೂ ಅದೇ ಆಗುವುದು ಬೇಡ. ಬಿಸಿಲು ಬಿದ್ದ ಕಾಂಡವನ್ನು ಬಿಳಿ ಕಾಂಡಕೊರಕ ಹುಡುಕಿಕೊಂಡು ಬರುತ್ತದೆಂದು ಅರೇಬಿಕ ಬೆಳೆಯುವ ಯಾರಿಗೂ ಗೊತ್ತು. ಅತ್ತಿ, ಹಲಸು, ಬಸರಿ, ಹಾಲವಾಣಗಳ ಹರವಾದ ನೆರಳು ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ನೆರಳು ಹೆಚ್ಚಾದರೆ ತುಕ್ಕು, ಕೊಳೆ ಹೆಚ್ಚುತ್ತದೆ ಎಂಬ ಆಕ್ಷೇಪವೂ ಸರಿಯೇ. ತುಕ್ಕಿನ ಕಣ ಮೊಳೆಯಲು ಎಲೆಯ ಅಡಿಯಲ್ಲಿ ನೀರಿನ ಪಸೆ ಬೇಕು. ಆದ್ದರಿಂದ ಬಗೆ ಹೆಚ್ಚಿಸಿ ಎಂದರೆ ಕತ್ತಲೆ ಹೆಚ್ಚಿಸಿ ಎಂದರ್ಥವಲ್ಲ. ಮಳೆಗಾಲಕ್ಕೆ ಮುಂಚೆ ಕೊಂಬೆ ಸವರುವ ಕೆಲಸ ಎಂದಿನಂತೆ ನಡೆಯಬೇಕು, ಬೋರ್ಡೋ ಸಿಂಪಡಣೆಯನ್ನೂ ಬಿಡಬಾರದು.

ತಳಿ ಬೆರೆತರೆ ಕೊಯ್ಲಿಗೆ ತೊಂದರೆ, ಹಣ್ಣಾಗುವ ಕಾಲ ಬೇರೆ ಎನ್ನುವವರು ತಳಿಗಳನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಹಾಕಬಹುದು. ಒಂದೇ ತೋಟದಲ್ಲಿ ಎರಡು ಮೂರು ತಳಿಯ ಪಟ್ಟಿಗಳಿದ್ದರೂ ರೋಗದ ಓಟಕ್ಕೆ ತಡೆಯೇ.

ಸಂಘ ಮಾಡಬೇಕಾದ್ದು

ಮುಂದಿನ ಸರ್ವ ಸದಸ್ಯರ ಸಭೆಯ ಮುಂದೆ ಈ ಕೆಳಗಿನ ಸಲಹೆಗಳನ್ನು ಇಡಬೇಕೆಂದಿದ್ದೇವೆ:

1. ನರ್ಸರಿಯಿಂದ ಕಾಫಿ ಸಸಿ ಪಡೆಯುವವರಿಗೆ ಯಾವ ತಳಿಯೂ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಕೊಡತಕ್ಕದ್ದಲ್ಲ, ಉಳಿದದ್ದು ಎಸ್. 795 ಅಥವಾ ಬೇರೆ ಶಿಫಾರಸು ತಳಿ.

2. ನೆರಳಿನ ಸಸಿಗಳಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಂತೆ ನಾಡ ಮರಗಳಿರಲಿ. ಅವುಗಳ ಬೀಜವನ್ನು ಪೋಡುಗಳಲ್ಲಿ ಕಾಫಿ ಬೆಳೆಯುತ್ತಿರುವ ಸೋಲಿಗ ಬೆಳೆಗಾರರಿಂದ, ಅವರ ಸ್ವಂತ ಜಮೀನಿನ ಮರಗಳಿಂದ, ನ್ಯಾಯವಾದ ಬೆಲೆಗೆ ಕೊಳ್ಳೋಣ. ಮರದ ಗುಣ ಅವರಿಗಿಂತ ಬಲ್ಲವರು ನಮ್ಮಲ್ಲಿಲ್ಲ.

3. ಅಡಿಕೆಯ ಹೊಸ ನಾಟಿಗೆ ಬಾಳೆ, ತೆಂಗು, ಮೆಣಸು ಸೇರಿಸಿ ಹಾಕುವವರಿಗೆ ಸಂಘದ ಸಸಿ ಸಾಲದಲ್ಲಿ ಆದ್ಯತೆ ಕೊಡಲಿ.

4. ಯಾವ ತೋಟದಲ್ಲಿ ಯಾವ ತಳಿಗೆ ಎಂದು ರೋಗ ಹತ್ತಿತೆಂಬುದನ್ನು ಪ್ರತಿ ಸದಸ್ಯರೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಸಂಘ ವರ್ಷಕ್ಕೊಮ್ಮೆ ಅದನ್ನು ಒಟ್ಟುಮಾಡಲಿ.

ಮೊದಲನೆಯ ಸಲಹೆಗೆ ವಿರೋಧ ಬರುವುದೆಂದು ನಮಗೆ ತಿಳಿದಿದೆ. ತನ್ನ ದುಡ್ಡಿಗೆ ತನಗೆ ಬೇಕಾದ ಸಸಿ ಪಡೆಯುವ ಹಕ್ಕು ಸದಸ್ಯನಿಗಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಆದರೆ ತುಕ್ಕಿನ ಕಣ ಬೇಲಿಯನ್ನು ಕೇಳಿ ದಾಟುವುದಿಲ್ಲ. ಒಬ್ಬರ ತೋಟದಲ್ಲಿ ಸಿದ್ಧವಾದ ಕಳ್ಳಕೈ ಪಕ್ಕದವರ ಬೀಗವನ್ನೂ ತೆರೆಯುತ್ತದೆ. ಒಬ್ಬರ ಬೆಳೆ ಇನ್ನೊಬ್ಬರ ಆಯ್ಕೆಯನ್ನು ಅವಲಂಬಿಸಿರುವಾಗ, ಆ ಆಯ್ಕೆಯನ್ನು ಕೂಡಿ ಕುಳಿತು ಮಾಡುವುದಕ್ಕೇ ಅಲ್ಲವೇ ಸಹಕಾರ ಸಂಘ ಇರುವುದು? ಸದಸ್ಯ ಬಾಂಧವರು ಸಲಹೆಗಳನ್ನು ಓದಿ, ಒಪ್ಪದಿದ್ದರೆ ಕಾರಣ ಸಹಿತ ಬರೆದು, ಸಭೆಗೆ ತಪ್ಪದೆ ಬರಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ