ಗ್ಲೌಸ್ ಆಮೇಲೆ, ಮೊದಲು ರೊಟ್ಟಿ!

ಹೋದ ಬೇಸಿಗೆಯಲ್ಲಿ ನನ್ನ ಅಣ್ಣನ ಮಗಳು ಮುನಿರಾಬಾದಿನ ಕಾಲುವೆ ದಂಡೆಯ ಮೇಲೆ ಓಡುತ್ತಾ ಓಡುತ್ತಾ ತಲೆ ತಿರುಗಿ ಕೂತುಬಿಟ್ಟಳು. ಒಂಬತ್ತನೇ ಕ್ಲಾಸಿನ ಹುಡುಗಿ. ಟಿ.ವಿ.ಯಲ್ಲಿ ನಿಖತ್ ಜರೀನ್‌ಳನ್ನು ನೋಡಿದಾಗಿನಿಂದ ಬಾಕ್ಸರ್ ಆಗುವ ಹುಚ್ಚು. ಸ್ಟ್ಯಾಮಿನಾ ಬೇಕೆಂದರೆ ಖಾಲಿ ಹೊಟ್ಟೆಯಲ್ಲಿ ಓಡಬೇಕೆಂದು ಯಾರೋ ಹೇಳಿದ್ದರಂತೆ. ಡಾಕ್ಟರ್ ರಕ್ತ ತಪಾಸಣೆ ಮಾಡಿಸಿದರೆ ಹಿಮೋಗ್ಲೋಬಿನ್ ಒಂಬತ್ತು ಚಿಲ್ಲರೆ! ಅವಳ ವಯಸ್ಸಿಗೆ ಕನಿಷ್ಠ 12 ಇರಬೇಕು.

ವೈನಿಯ ತೀರ್ಪು ಅಲ್ಲೇ ಬಂತು. "ನಾ ಮೊದ್ಲ ಹೇಳಿದ್ನಿಲ್ರೀ, ಹೆಣ್ಣುಡುಗ್ರಿಗೆ ಈ ಗುದ್ದಾಟ ಎಲ್ಲಾ ಆಗೂದಲ್ಲ ಅಂತ."

ಆದರೆ ಆಟದಿಂದ ರಕ್ತ ಕಡಿಮೆಯಾಯಿತೇ? ಮೊದಲೇ ಕಡಿಮೆ ಇತ್ತು, ಆಟ ಅದನ್ನು ತೋರಿಸಿಕೊಟ್ಟಿತು ಅಷ್ಟೇ. ಓಡದೇ ಇದ್ದಿದ್ದರೆ ಮುಂದೆ ಮದುವೆಯಾಗಿ ಬಸುರಾದಾಗ ಗೊತ್ತಾಗುತ್ತಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ. ಅವರೆಲ್ಲ ಬಾಕ್ಸಿಂಗ್ ಆಡಿದವರೇನಲ್ಲವಲ್ಲ!

ವೈನಿಯ ಇನ್ನೊಂದು ಹೆದರಿಕೆ, ಭಾರ ಎತ್ತಿದರೆ ಹುಡುಗಿ ಗಂಡಸಿನ ಹಾಗೆ ಆಗುತ್ತಾಳೆ ಎಂಬುದು. ನಳ ಬಾರದ ದಿನ ಟೊಂಕಕ್ಕೊಂದು, ತಲೆಗೊಂದು ಕೊಡ ಹೊತ್ತು ಬರುವಾಗ ಈ ಮಾತನ್ನು ಯಾರಾದರೂ ಆಡಿದ್ದಾರಾ? ಮನೆಗಾಗಿ ಹೊತ್ತ ಭಾರಕ್ಕೆ ಹೆದರಿಕೆಯಿಲ್ಲ, ತನಗಾಗಿ ಎತ್ತಿದರೆ ಮಾತ್ರ ಹೆದರಿಕೆ. ಗಂಡಸರಂಥ ದಪ್ಪ ಮಾಂಸಖಂಡ ಬರುವಷ್ಟು ಹಾರ್ಮೋನ್ ನಮ್ಮ ಮೈಯಲ್ಲಿ ಇರುವುದೇ ಇಲ್ಲ. ಶಕ್ತಿ ಬರುತ್ತದೆ, ಎಲುಬು ಗಟ್ಟಿಯಾಗುತ್ತದೆ. ಈ ವಯಸ್ಸಿನಲ್ಲಿ ಗಟ್ಟಿಯಾದ ಎಲುಬು ಐವತ್ತು ದಾಟಿದ ಮೇಲೂ ಉಪಯೋಗಕ್ಕೆ ಬರುತ್ತದೆ. ಎತ್ತರ ನಿಂತುಹೋಗುತ್ತದೆ ಎಂಬುದೂ ಬರೀ ಮಾತು, ಸರಿಯಾಗಿ ಹೇಳಿಕೊಡುವವರಿದ್ದರೆ ಸಾಕು.

ಗುದ್ದು ಎಂದರೆ ಕೈಯ ಕೆಲಸ ಅಂದುಕೊಂಡಿದ್ದೆ. ಅಲ್ಲವಂತೆ! ಅದು ಪಾದದಲ್ಲಿ ಹುಟ್ಟಿ, ತೊಡೆ, ಸೊಂಟ, ಬೆನ್ನು ದಾಟಿ ಕೊನೆಗೆ ಮುಷ್ಟಿಗೆ ಬರುತ್ತದೆ. ಹಾಗಾಗಿ ನಮ್ಮ ಗರಡಿಮನೆಯ ಬಸ್ಕಿ, ದಂಡ ಇಂದಿಗೂ ಹಳೆಯದಾಗಿಲ್ಲ. ಚೀಲದಲ್ಲಿ ಐದು ಕಿಲೋ ಉಸುಕು ತುಂಬಿ ಎದೆಗವಚಿಕೊಂಡು ಬಸ್ಕಿ ಹೊಡೆಯಬಹುದು. ಅಭ್ಯಾಸವಾದಂತೆ ಉಸುಕು ಹೆಚ್ಚಿಸುತ್ತಾ ಹೋದರಾಯಿತು. ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಬಿಡುವು.

ಇನ್ನು ಓಟ. ಮಹಿಳೆಯರ ಸ್ಪರ್ಧೆಯಲ್ಲಿ ಮೂರು ಸುತ್ತು, ಒಂದೊಂದು ಮೂರು ನಿಮಿಷ, ನಡುವೆ ಒಂದು ನಿಮಿಷ ವಿಶ್ರಾಂತಿ. ಬೆಳಗಿನ ಜಾವ ಗಂಟೆಗಟ್ಟಲೆ ನಿಧಾನ ಓಡಿದರೆ ಸಾಲದು. ಮೂರು ನಿಮಿಷ ಜೋರಾಗಿ ಹಗ್ಗದಾಟ, ಒಂದು ನಿಮಿಷ ಬಿಡುವು, ಮತ್ತೆ ಮೂರು ನಿಮಿಷ. ಆಟ ಕೇಳುವ ಉಸಿರು ಇದು.

ಒಂದು ವಿಷಯ ಬಹಳ ಮಂದಿ ಮರೆಯುತ್ತಾರೆ. ಬಾಕ್ಸರ್ ಸದಾ ಮುಂದಕ್ಕೆ ಗುದ್ದುತ್ತಾಳೆ. ಹಿಂದಕ್ಕೆ ಜಗ್ಗುವ ವ್ಯಾಯಾಮವೂ ಬೇಕು, ಇಲ್ಲದಿದ್ದರೆ ಭುಜಕ್ಕೇ ಪೆಟ್ಟು. ನಿಜಾಮಾಬಾದಿನ ನಿಖತ್ ಕೂಡ 2017ರಲ್ಲಿ ಭುಜಕ್ಕೆ ಪೆಟ್ಟಾಗಿ ಬಹಳ ದಿನ ರಿಂಗಿನಿಂದ ದೂರ ಉಳಿಯಬೇಕಾಯಿತು. ಆಮೇಲೆ 2022ರಲ್ಲಿ ಇಸ್ತಾಂಬುಲ್, 2023ರಲ್ಲಿ ದೆಹಲಿ, ಎರಡು ಸಲ ವಿಶ್ವ ಚಾಂಪಿಯನ್! (1956ರ ತನಕ ಅವರ ಊರೂ ನಮ್ಮ ಕೊಪ್ಪಳವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು ಎಂದು ನಾನು ಹೆಮ್ಮೆಪಟ್ಟುಕೊಳ್ಳುತ್ತೇನೆ.) ಮೊದಮೊದಲು ಮಗಳ ಕಣ್ಣು ಬಾತಿದ್ದು ಕಂಡು, ಇನ್ನು ಇವಳನ್ನು ಯಾರು ಮದುವೆಯಾಗುತ್ತಾರೆ ಎಂದು ಅವಳ ತಾಯಿಯೂ ಅತ್ತವರೇ.

ಇಷ್ಟೆಲ್ಲ ಮಾಡಲು ಹೊಟ್ಟೆಗೆ ಬೀಳಬೇಕಲ್ಲ? ನನ್ನ ತಕರಾರು ಇರುವುದೇ ಇಲ್ಲಿ. ಅಣ್ಣನ ಮಗ ಜಿಮ್‌ಗೆ ಹೋಗಿ ಬಂದರೆ ಎರಡು ತತ್ತಿ, ಒಂದು ಲೋಟ ಹಾಲು. ಮಗಳು ಓಡಿ ಬಂದರೆ ಕೈಗೆ ಕಸಬರಿಗೆ! ಕೊನೆಗೆ ಉಂಡವಳಿಗೆ ತಳದ ಪಲ್ಯ. ವ್ಯಾಯಾಮ ಮಾಡಿದಾಗಲ್ಲ, ಉಂಡು ಮಲಗಿದಾಗ ಮೈ ಗಟ್ಟಿಯಾಗುವುದು. ದುಬಾರಿ ಪೌಡರ್ ಡಬ್ಬಿ ಏನೂ ಬೇಡ. ಜೋಳದ ರೊಟ್ಟಿ, ಮಡಕಿ ಕಾಳು, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು, ತಿನ್ನುವವರಾದರೆ ತತ್ತಿ. ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿ, ಊಟದ ಹಿಂದೆಯೇ ಚಹಾ ಬೇಡ. ಶಾಲೆಯಲ್ಲಿ ಕೊಡುವ ನೀಲಿ ಕಬ್ಬಿಣದ ಗುಳಿಗೆಯನ್ನು ಇವಳು ಎಸೆಯುತ್ತಿದ್ದಳಂತೆ, ನಿಮ್ಮ ಮಗಳನ್ನೂ ಒಮ್ಮೆ ಕೇಳಿ ನೋಡಿ.

ತೂಕ ಇಳಿಸಲು ಉಪವಾಸ ಮಾಡಿಸುವವರನ್ನು ನಂಬಬೇಡಿ. ಬೆಳೆಯುವ ಹುಡುಗಿ ತನ್ನ ತೂಕದ ವಿಭಾಗದಲ್ಲೇ ಆಡಲಿ. ವ್ಯಾಯಾಮ ಶುರುವಾದ ಮೇಲೆ ಮುಟ್ಟು ನಿಂತರೆ 'ಪೀಡೆ ಹೋಯಿತು' ಎನ್ನಬೇಡಿ, ಊಟ ಸಾಲುತ್ತಿಲ್ಲ ಎಂಬುದರ ಗುರುತಾಗಿರಬಹುದು. ಡಾಕ್ಟರಿಗೆ ತೋರಿಸಿ.

ತಲೆಗೆ ಬೀಳುವ ಪೆಟ್ಟಿನ ಭಯ ಮಾತ್ರ ಸುಳ್ಳಲ್ಲ, ನನಗೂ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಮಹಿಳೆಯರು ಹೆಡ್‌ಗಾರ್ಡ್ ಹಾಕಿಯೇ ಆಡಿದರು, ಆದರೂ ಅದು ಎಲ್ಲ ಪೆಟ್ಟನ್ನೂ ತಡೆಯುವುದಿಲ್ಲ. ಪೆಟ್ಟು ಬಿದ್ದ ಮೇಲೆ ವಾಂತಿ, ತಲೆಸುತ್ತು, ಮಂಕು ಕಂಡರೆ ಆ ದಿನವೇ ಆಟ ಬಂದ್. ತಿಳಿದ ಕೋಚ್ ಇಲ್ಲದೆ ಎದುರಾಳಿ ಜೊತೆ ಆಡಲು ಬಿಡಲೇಬಾರದು. ಮೈ ಕಟ್ಟಲು ಒಂದು ವರ್ಷ ಹಿಡಿದರೂ ಹಿಡಿಯಲಿ, ಗ್ಲೌಸ್ ಎಲ್ಲಿಗೂ ಓಡಿಹೋಗುವುದಿಲ್ಲ.

ಡಾಕ್ಟರ್ ಕೊಟ್ಟ ಗುಳಿಗೆ, ಎರಡು ಹೊತ್ತಿನ ಹೊಟ್ಟೆ ತುಂಬ ಊಟ. ನಾಲ್ಕು ತಿಂಗಳಿಗೆ ಹಿಮೋಗ್ಲೋಬಿನ್ ಹನ್ನೊಂದೂವರೆಗೆ ಬಂದಿದೆ. ಮೊನ್ನೆ ಹೋದಾಗ ಹಿತ್ತಲಲ್ಲಿ ಒಂದು ಹಳೇ ಟಾವೆಲ್ಲಿನ ಒಂದು ತುದಿ ಮಗಳ ಕೈಯಲ್ಲಿ, ಇನ್ನೊಂದು ತುದಿ ವೈನಿಯ ಕೈಯಲ್ಲಿ! ಜಗ್ಗುವ ವ್ಯಾಯಾಮವಂತೆ. "ಸಾವಕಾಶ ಜಗ್ಗ, ನನ್ನ ಟೊಂಕ ಐತಿ" ಎಂದು ವೈನಿ ಒದರುತ್ತಿದ್ದರು.